ಸ್ವೆಟರ್ ಬಿಚ್ಚುವವರೆಗೆ ದಕ್ಷಿಣಕ್ಕೆ

ನಮ್ಮ ಮನೆಯಲ್ಲಿ ದೋಸೆ ಹಿಟ್ಟು ಕಾವಲಿಯ ಒಂದು ಬದಿಗೆ ಜಾರಿದರೆ ಹಿಟ್ಟನ್ನಾಗಲಿ ಕಾವಲಿಯನ್ನಾಗಲಿ ಬೈಯುವ ರೂಢಿಯಿಲ್ಲ. “ರೀ, ಆ ಗುಳ್ಳೆ ತಗೊಂಡ್ಬನ್ನಿ” ಎಂದು ಅಡುಗೆಮನೆಯಿಂದ ಅಪ್ಪಣೆಯಾಗುತ್ತದೆ. ನಾನು ಪೇಪರ್ ಮಡಿಸಿಟ್ಟು, ಹಾಲಿನ ಮೂಲೆಯ ಡ್ರಾಯರ್ ಎಳೆದು, ಬೀಗ ಕಳೆದುಕೊಂಡ ಕೀಲಿಕೈಗಳು, ಮುಳ್ಳು ನಿಂತ ಗಡಿಯಾರ, ಯಾವ ಅಂಗಿಗೂ ಸೇರದ ಗುಂಡಿಗಳು ಇವುಗಳ ನಡುವಿನಿಂದ ಹೆಬ್ಬೆರಳುದ್ದದ ಒಂದು ಗಾಜಿನ ಕೊಳವೆಯನ್ನು ಹುಡುಕಿ ತೆಗೆಯುತ್ತೇನೆ. ಕೊಳವೆಯೊಳಗೆ ಹಸಿರು ನೀರು, ನೀರಿನಲ್ಲೊಂದು ಗಾಳಿಗುಳ್ಳೆ. ಗಾರೆ ಕೆಲಸದವರ ಕೈಯಲ್ಲಿ ನೀವು ನೋಡಿರುವ ರಸಮಟ್ಟವೇ ಇದು, ಆದರೆ ಅದರ ಮರಿ. ಒಲೆಯ ಮೇಲಿಟ್ಟಾಗ ಗುಳ್ಳೆ ಯಾವ ಕಡೆಗೆ ಓಡುತ್ತದೋ ಆ ಕಡೆ ಎತ್ತರ. ಎದುರು ಕಾಲಿನ ಕೆಳಗೆ ಒಂದು ರಟ್ಟು ಮಡಿಸಿ ತುರುಕಿದರೆ ದೋಸೆ ಮತ್ತೆ ಗುಂಡಗಾಗುತ್ತದೆ.

ಕಳೆದ ವಾರ ಹೊಸ ಒಲೆ ಬಂದಾಗ ಗುಳ್ಳೆ ಇನ್ನೊಮ್ಮೆ ಹೊರಬಂತು. ಒಲೆ ಕೂರಿಸಲು ಬಂದವನು ಅದನ್ನು ಅಂಗೈಯಲ್ಲಿಟ್ಟುಕೊಂಡು, “ಎಲ್ಲಿ ಸಿಕ್ತು ಸಾರ್, ಇಷ್ಟು ಪುಟ್ಟದು?” ಎಂದ. “ಕತಾರಿನಲ್ಲಿ. ಒಂದು ಮನೆಯ ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದರು” ಎಂದೆ. ಮನೆಗೆ ಎಲ್ಲಿಯ ಡ್ಯಾಶ್‌ಬೋರ್ಡು ಎಂದು ಅವನು ನನ್ನ ಮುಖ ನೋಡಿದ ರೀತಿಗೆ ನನ್ನ ಹೆಂಡತಿ ವತ್ಸಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವನಿಗೆ ಇನ್ನೂ ಎರಡು ಮನೆಗಳಲ್ಲಿ ಒಲೆ ಕೂರಿಸುವುದಿತ್ತು, ಕತೆ ಕೇಳುವ ಪುರುಸೊತ್ತಿರಲಿಲ್ಲ. ನಿಮಗಿದೆ ಎಂದುಕೊಂಡು ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ನಾವು, ಅಂದರೆ ನಾನು, ವತ್ಸಲ, ಮಗಳು ಚಿನ್ನಿ, ದೋಹಾದಲ್ಲಿದ್ದೆವು. ನಾನು ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ಮನೆ ಅಲ್ ಮನ್ಸೂರಾದ ಒಂದು ಗಲ್ಲಿಯಲ್ಲಿ, ನೆಲಮಹಡಿಯಲ್ಲಿ. ಈಗ ಅಲ್ಲಿಗೆ ಮೆಟ್ರೋ ಬಂದಿದೆಯಂತೆ. ಆಗ ಇದ್ದದ್ದು ಇಡ್ಲಿ ವಡೆಯ ಹೋಟೆಲುಗಳು, ಊರಿಗೆ ದುಡ್ಡು ಕಳಿಸುವ ಅಂಗಡಿಗಳು, ಮತ್ತು ನಮ್ಮಂಥವರು. ಮೈಸೂರಿನಿಂದ ಹೊರಡುವಾಗ ಸೂಟ್‌ಕೇಸಿನ ಮುಂದೆ ಕೂತು ನಾನು ವತ್ಸಲಳಿಗೆ ಘನಗಂಭೀರವಾಗಿ ಹೇಳಿದ್ದೆ: “ಮರುಭೂಮಿಗೆ ಯಾರಾದ್ರೂ ಸ್ವೆಟರ್ ತಗೊಂಡು ಹೋಗ್ತಾರಾ? ಅದರ ಜಾಗಕ್ಕೆ ಸಾರಿನಪುಡಿ ತುಂಬು.” ಆ ವರ್ಷ ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಬೇಕಾದಷ್ಟು ಸಾರಿನಪುಡಿ ಇತ್ತು.

ಕತಾರಿನಲ್ಲಿ ಚಳಿಗಾಲ ಇದೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ರಜೆಗೆ ಬಂದಾಗ ಹೇಳಿ ನೋಡಿದ್ದೇನೆ, ಭಾವಮೈದ ನಗುತ್ತಾನೆ. ಆದರೆ ಅಲ್ಲಿಯ ಮನೆಗಳ ಒಳಗೆ ಒಂದು ಚಳಿಗಾಲ ಕಳೆದವರಿಗೆ ಗೊತ್ತು. ಬಿಸಿಲಿಗೆ ಹೆದರಿಯೇ ಕಟ್ಟಿದ ಮನೆಗಳು ಅವು. ದಪ್ಪ ಗೋಡೆ, ತಣ್ಣನೆಯ ನೆಲ, ಇರುವ ಒಂದು ಕಿಟಕಿಯ ಗಾಜಿಗೂ ಹಿಂದಿನ ಬಾಡಿಗೆದಾರ ಬೆಳ್ಳಿ ಬಣ್ಣದ ಕಾಗದ ಅಂಟಿಸಿ ಹೋಗಿರುತ್ತಾನೆ. ನಮ್ಮ ಕಿಟಕಿಯಂತೂ ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿತ್ತು. ಬೇಸಿಗೆಯಲ್ಲಿ ತಂಪಾಗಿರುವುದು ಆ ಮನೆಯ ಕೆಲಸ, ಪಾಪ ಅದು ಡಿಸೆಂಬರಿನಲ್ಲೂ ಅದೇ ಕೆಲಸವನ್ನು ಶ್ರದ್ಧೆಯಿಂದ ಮುಂದುವರಿಸುತ್ತಿತ್ತು. ಎಸಿ ಪೆಟ್ಟಿಗೆಗೆಂದು ಗೋಡೆ ಕೊರೆದಲ್ಲಿ ಗಾಳಿ ಸಿಳ್ಳು ಹಾಕುತ್ತಿತ್ತು. ಬಚ್ಚಲಿನ ಪಕ್ಕದ ಗೋಡೆ ಬೆವರುತ್ತಿತ್ತು. ಒಗೆದ ಬಟ್ಟೆ ಒಳಗೇ ಒಣಗಬೇಕು, ಅದು ಒಣಗುತ್ತಿರಲಿಲ್ಲ.

ಎರಡನೆಯ ಚಳಿಗಾಲದಲ್ಲಿ ವತ್ಸಲಳಿಗೆ ಉಬ್ಬಸ ಶುರುವಾಯಿತು. ಮೊದಲು ಕೆಮ್ಮು, ಆಮೇಲೆ ಎದೆಯಲ್ಲಿ ಬೆಕ್ಕು ಗುರುಗುಟ್ಟಿದ ಹಾಗೆ ಸದ್ದು. ಮಲಗಿದರೆ ಉಸಿರು ಕಟ್ಟುತ್ತದೆಂದು ಬೆನ್ನಿಗೆ ಮೂರು ದಿಂಬು ಕೊಟ್ಟು ಕೂತೇ ನಿದ್ದೆ ಮಾಡುವುದನ್ನು ಕಲಿತಳು. ಮಾರ್ಚ್ ಬಂದರೆ ಸರಿಹೋಗುತ್ತಿತ್ತು, ನವೆಂಬರ್ ಬಂದರೆ ಮತ್ತೆ ದಿಂಬು. ಎದುರು ಕಟ್ಟಡದ ಮೂರನೆಯ ಮಹಡಿಯಲ್ಲಿದ್ದ ಮಂಗಳೂರಿನ ನರ್ಸ್ ಫಿಲೋಮಿನಾ ಬಂದು ಎದೆಗೆ ಕಿವಿಗೊಟ್ಟು ಕೇಳಿ, “ಮದ್ದು ಕೊಡ್ಬಹುದು, ಆದ್ರೆ ಇದಕ್ಕೆ ಹವಾ ಬದಲಾಗ್ಬೇಕು” ಎಂದಳು. ಆ ಒಂದು ಮಾತು ನಮ್ಮ ಮನೆಯಲ್ಲಿ ಒಂದು ವರ್ಷ ಕೂತಿತು.

ಗಲ್ಫಿನ ಮಾತಿನಲ್ಲಿ ‘ಬ್ಯಾಚುಲರ್’ ಎಂದರೆ ಮದುವೆಯಾಗದವನು ಎಂದೇನೂ ಅಲ್ಲ. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ, ಒಂದು ಕೋಣೆಯಲ್ಲಿ ಇನ್ನು ಮೂವರ ಜೊತೆ ಮಂಚ ಹಾಕಿಕೊಂಡವನು. ನಾಲ್ಕು ಮಕ್ಕಳ ತಂದೆಯಾದ ಬ್ಯಾಚುಲರ್‌ಗಳು ನನಗೆ ಗೊತ್ತಿದ್ದರು. ಆ ವರ್ಷ ದೀಪಾವಳಿಯ ಮಾರನೆಯ ದಿನ ವತ್ಸಲ, ಒಬ್ಬಟ್ಟು ತಟ್ಟೆಗೆ ಹಾಕುತ್ತ, ಜಗಳದ ಯಾವ ಸೂಚನೆಯೂ ಇಲ್ಲದ ದನಿಯಲ್ಲಿ ಹೇಳಿದಳು: “ಮಾರ್ಚಿಗೆ ಚಿನ್ನಿ ಸ್ಕೂಲು ಮುಗಿಯತ್ತಲ್ಲ. ನಾನೂ ಅವಳೂ ಹೊರಟುಬಿಡ್ತೀವಿ ಕಣ್ರೀ. ವಾಪಸ್ ಬರಲ್ಲ. ನೀವು ಬೇಕಾದ್ರೆ ಇನ್ನೊಂದಿಷ್ಟು ವರ್ಷ ಇದ್ದು ಬನ್ನಿ.” ಅವಳು ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ, ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಇದಕ್ಕೆ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ.

ಅವಳು ಹೇಳಿದ್ದನ್ನು ಮಾಡುವವಳು. ಆ ವಾರವೇ ಸಾಮಾನು ಹಂಚುವ ಕೆಲಸ ಶುರುವಾಯಿತು, ಮತ್ತು ಮೊದಲು ಹೋದದ್ದು ಕರಿಬೇವಿನ ಗಿಡ. ಊರಿನಲ್ಲಿ ಇದರ ಬೆಲೆ ಗೊತ್ತಾಗುವುದಿಲ್ಲ. ದೋಹಾದಲ್ಲಿ ಕರಿಬೇವಿನ ಗಿಡ ಸಾಕುವುದೆಂದರೆ ಮಗು ಸಾಕಿದ ಹಾಗೆ. ಖಾಲಿ ತುಪ್ಪದ ಡಬ್ಬಿಯಲ್ಲಿ ಮಣ್ಣು ತುಂಬಿ, ಬೇಸಿಗೆಯಲ್ಲಿ ಮನೆಯೊಳಗೆ ಎಸಿಯ ಮುಂದೆ ಮಲಗಿಸಿ, ಚಳಿಗಾಲದಲ್ಲಿ ಬಾಗಿಲ ಮೆಟ್ಟಿಲಿಗೆ ತಂದು, ಬಿಸಿಲು ಸರಿದ ಹಾಗೆಲ್ಲ ಡಬ್ಬಿಯನ್ನೂ ಸರಿಸುತ್ತ ಅವಳು ಅದನ್ನು ಸೊಂಟದೆತ್ತರ ಬೆಳೆಸಿದ್ದಳು. ಅದನ್ನು ಫಿಲೋಮಿನಾಳ ಬಾಲ್ಕನಿಗೆ ಒಯ್ದು ಕೊಟ್ಟಳು. “ನೋಡಿ, ಒಮ್ಮೆ ಕೊಟ್ಟ ಮೇಲೆ ನಾನು ವಾಪಸ್ ಕೊಡುದಿಲ್ಲ ಆಯ್ತಾ?” ಎಂದು ಫಿಲೋಮಿನಾ ತಮಾಷೆ ಮಾಡಿದಳಂತೆ. “ಕೇಳೋಲ್ಲ” ಎಂದಳಂತೆ ಇವಳು. ಮೆಟ್ಟಿಲ ಮೇಲೆ ತುಕ್ಕಿನ ಒಂದು ಚೌಕ ಉಳಿಯಿತು. ಆಫೀಸಿಗೆ ಹೋಗುವಾಗ ಬರುವಾಗ ಅದನ್ನು ದಾಟಬೇಕಿತ್ತು. ನನಗೆ ಆಗ ಆದದ್ದು ಬೇಸರವಲ್ಲ, ಹೆದರಿಕೆ. ಆ ಕೋಣೆ, ಆ ನಾಲ್ಕು ಮಂಚ ನನ್ನ ಕಣ್ಣಿಗೆ ಕಟ್ಟುತ್ತಿತ್ತು.

ಇದೇ ದಿನಗಳಲ್ಲಿ ನಮ್ಮ ಆಫೀಸಿನ ಯೆನ್ಸ್ ಸಾಹೇಬನಿಗೆ ಬೇರೆ ದೇಶಕ್ಕೆ ವರ್ಗವಾಯಿತು. ಡೆನ್ಮಾರ್ಕಿನವನು, ಕ್ರೇನುಗಳ ಇಂಜಿನಿಯರ್. ಅವನ ಬಳಿ ಒಂದು ಮೋಟರ್‌ಹೋಮ್ ಇತ್ತು. ಮುಂದೆ ಲಾರಿಯ ಮೂತಿ, ಹಿಂದೆ ಪೂರ್ತಿ ಮನೆ: ಎರಡು ಹಾಸಿಗೆ, ಒಲೆ, ಬಚ್ಚಲು, ಮಡಿಸುವ ಊಟದ ಮೇಜು. ಅದನ್ನು ಹಡಗಿನಲ್ಲಿ ತರಿಸಿಕೊಂಡಿದ್ದ. ಬೀಳ್ಕೊಡುಗೆಯ ದಿನ ಸಮೋಸ ತಿನ್ನುತ್ತ ಅವನು ತನ್ನ ದೇಶದ ಸುದ್ದಿ ಹೇಳಿದ. ಅಲ್ಲಿ ಕೆಲಸದಿಂದ ನಿವೃತ್ತರಾದವರು ಚಳಿಗಾಲ ಬಂತೆಂದರೆ ಮನೆಗೆ ಬೀಗ ಹಾಕಿ, ಇಂಥ ಗಾಡಿ ಹತ್ತಿ ದಕ್ಷಿಣಕ್ಕೆ ಹೊರಟುಬಿಡುತ್ತಾರಂತೆ. ಎಲ್ಲಿಯವರೆಗೆ ಹೋಗುತ್ತೀರಿ ಎಂದು ಕೇಳಿದೆ. ಯೆನ್ಸ್ ಯೋಚಿಸಿ, “ಅದಕ್ಕೆ ನಕ್ಷೆ ಬೇಡ. ಹೆಂಡತಿ ಸ್ವೆಟರ್ ಬಿಚ್ಚುವವರೆಗೆ ದಕ್ಷಿಣಕ್ಕೆ ಓಡಿಸುತ್ತಿರಬೇಕು” ಎಂದ. ಎಲ್ಲರೂ ನಕ್ಕರು. ನಾನು ಮಾತ್ರ ನಗದೆ ಗೋಡೆಯ ಮೇಲಿನ ಕತಾರಿನ ಭೂಪಟದ ಕಡೆ ನೋಡಿದೆ.

ಇಲ್ಲಿ ನಮ್ಮ ಶ್ಯಾಮಣ್ಣ ಮೇಷ್ಟ್ರ ಪಾತ್ರವೂ ಸ್ವಲ್ಪ ಇದೆ. ಮೈಸೂರಿನ ಸರ್ಕಾರಿ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಭಾರತದ ಭೂಪಟ ನೇತುಹಾಕಿ, ಕಾಶ್ಮೀರದಿಂದ ಬೆತ್ತ ಕೆಳಗೆ ಜಾರಿಸುತ್ತ, “ಚಳಿ, ಚಳಿ, ಕಮ್ಮಿ ಚಳಿ, ಸೆಕೆ, ಮದ್ರಾಸು!” ಎನ್ನುತ್ತಿದ್ದರು. ಬೆತ್ತ ಮದ್ರಾಸಿಗೆ ಮುಟ್ಟಿದಾಗ ನಾವೆಲ್ಲ ಒಟ್ಟಿಗೆ “ಉಸ್ಸಪ್ಪಾ” ಎನ್ನಬೇಕು. ಧನುರ್ಮಾಸದ ಬೆಳಗಿನಲ್ಲಿ ನಡುಗುತ್ತ ಶಾಲೆಗೆ ಬಂದ ಮಕ್ಕಳಿಗೆ ಆ ಉಸ್ಸಪ್ಪದಿಂದಲೇ ಸ್ವಲ್ಪ ಬೆಚ್ಚಗಾಗುತ್ತಿತ್ತು. ಬೇಸಿಗೆ ರಜೆಯಲ್ಲಿ ಮದ್ರಾಸಿನ ಅತ್ತೆಯ ಮನೆಗೆ ಹೋಗಿ ಬೆವರು ಸುರಿಸಿ ಬಂದ ಮೇಲೆ ನನಗೆ ಆ ಪಾಠದಲ್ಲಿ ಸಂಶಯವೇ ಉಳಿಯಲಿಲ್ಲ. ಕೆಳಗೆ ಹೋದಷ್ಟೂ ಬೆಚ್ಚಗೆ. ಅಕೌಂಟ್ಸ್ ಓದಿದವನ ಭೂಗೋಳ ಅಲ್ಲಿಗೇ ನಿಂತಿತು.

ಯೆನ್ಸ್ ಆ ಗಾಡಿಯನ್ನು ಉಸ್ಮಾನಾಕನಿಗೆ ಮಾರಿ ಹೋದ. ಉಸ್ಮಾನಾಕ ಉಳ್ಳಾಲದ ಕಡೆಯ ಬ್ಯಾರಿ. ದೋಹಾದಲ್ಲಿ ತಂದೆಯ ಕಾಲದಿಂದ ಕಾರಿನ ಸೀಟಿಗೆ ಕವರ್ ಹೊಲಿಯುವ ಅಂಗಡಿ. ಹೆಸರು ಉಸ್ಮಾನ್, ಹಿರಿಯನೆಂಬ ಗೌರವಕ್ಕೆ ಅವನ ಕಡೆಯವರು ಉಸ್ಮಾನಾಕ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆಯುತ್ತಿದ್ದೆವು. ಗಾಡಿಯ ಸೀಟುಗಳಿಗೆ ಹೊಸ ಬಟ್ಟೆ ಹಾಕಿ, ಚಳಿಗಾಲದಲ್ಲಿ ಮರಳಿಗೆ ಹೋಗಿ ಡೇರೆ ಹಾಕುವ ಅರಬಿ ಕುಟುಂಬಗಳಿಗೆ ಬಾಡಿಗೆಗೆ ಬಿಡುವ ಯೋಚನೆ ಅವನದು. ಬಾಡಿಗೆಗೆ ಬಿಡುವ ಮುಂಚೆ ಯಾರಾದರೂ ಸಂಸಾರಸ್ಥರು ಒಂದು ರಾತ್ರಿ ಇದ್ದು ನೋಡಿದರೆ ಒಳ್ಳೆಯದಿತ್ತು ಎಂದು ಅವನು ಹೇಳಿದ್ದೇ ತಡ, “ನಾವಿದ್ದೇವೆ. ದಕ್ಷಿಣಕ್ಕೆ ಹೋಗೋಣ” ಎಂದೆ. ಓಡಿಸುವವನು ಅವನೇ. ಡ್ರೈವಿಂಗ್ ಟೆಸ್ಟಿನಲ್ಲಿ ನಾನು ಎಷ್ಟು ಸಲ ಫೇಲಾಗಿದ್ದೆ ಎಂಬುದು ಅಲ್ ಮನ್ಸೂರಾದ ಹೋಟೆಲುಗಳಲ್ಲಿ ಚಹಾದ ಜೊತೆ ಹಂಚಿಕೆಯಾಗುತ್ತಿದ್ದ ವಿಷಯ.

ನಮ್ಮ ದಕ್ಷಿಣ ಎಷ್ಟು ಎನ್ನುವುದನ್ನೂ ಹೇಳಬೇಕು. ಭೂಪಟದಲ್ಲಿ ಕತಾರ್ ಸಮುದ್ರದೊಳಗೆ ಎತ್ತಿದ ಹೆಬ್ಬೆರಳಿನಂತಿದೆ. ದೋಹಾದಿಂದ ಕೆಳಗೆ ಒಂದು ಗಂಟೆ ಹೋದರೆ ಟಾರು ಮುಗಿದು ಮರಳು ಶುರು. ಅದರಾಚೆ ಸೌದಿ. ಅಲ್ಲಿಗೆ ಕಾಲಿಡಲು ನಮ್ಮಂಥವರಿಗೆ ವೀಸಾ ಬೇಕು, ಈ ದೇಶ ಬಿಡಲು ಕೆಲಸ ಕೊಟ್ಟ ಕಫೀಲನ ಅಪ್ಪಣೆ ಬೇಕು. ಯೆನ್ಸ್ ಸಾಹೇಬನ ಊರಿನವರ ದಕ್ಷಿಣವೇನೋ ಆಫ್ರಿಕಾದವರೆಗೆ ಇಳಿಯುತ್ತಿತ್ತು. ನಮ್ಮದು ಊಟದ ಹೊತ್ತಿಗೆ ಮುಗಿದುಹೋಗುತ್ತಿತ್ತು. ಇರಲಿ, ಇರುವಷ್ಟು ದಕ್ಷಿಣವನ್ನಾದರೂ ಪೂರ್ತಿ ಉಪಯೋಗಿಸಿಕೊಳ್ಳೋಣ ಎಂದುಕೊಂಡೆ. ವತ್ಸಲಳಿಗೆ ನನ್ನ ಲೆಕ್ಕಾಚಾರ ಹೇಳಿದೆ. ಅಲ್ಲಿ ಎದೆ ಹಗುರಾದರೆ ಶುಕ್ರವಾರದ ರಜೆಗೆ ಪ್ರತಿ ಗುರುವಾರ ಹೋಗಿಬರೋಣ, ಚಳಿಗಾಲ ಹಾಗೆ ದಾಟಿಸೋಣ, ಊರಿಗೆ ಹೋಗುವ ಮಾತು ಬಿಡು. “ಚಿನ್ನಿಗೆ ಖುಷಿಯಾಗತ್ತೆ, ಹೋಗೋಣ” ಎಂದಳು. ಮಗಳು ಚಿನ್ಮಯಿಗೆ ಆಗ ಏಳು ವರ್ಷ.

ಗುರುವಾರ ಅರ್ಧ ದಿನದ ಕೆಲಸ ಮುಗಿಸಿ ಹೊರಟೆವು. ಹೆಂಗಸರಿಬ್ಬರೂ ಗಾಡಿಯ ಹಿಂದಿನ ಮನೆಯಲ್ಲಿ, ನಾನು ಮುಂದೆ ಉಸ್ಮಾನಾಕನ ಪಕ್ಕ. ಈಗ ದೊಡ್ಡ ಬಂದರು ಎದ್ದಿರುವ ಆ ಕಡೆಯಲ್ಲಿ ಆಗ ಬಯಲು, ಅಲ್ಲೊಂದು ಇಲ್ಲೊಂದು ಒಂಟೆ.

“ರಾಯರೇ, ಎಂತ ವಿಶೇಷ ಈ ಸಲ ಪಿಕ್ನಿಕ್?” ಎಂದ ಉಸ್ಮಾನಾಕ.

“ಪಿಕ್ನಿಕ್ ಅಲ್ಲ. ಚಳಿಯಿಂದ ತಪ್ಪಿಸ್ಕೊಂಡು ಹೋಗ್ತಿದ್ದೀವಿ. ಇವಳ ಉಬ್ಬಸಕ್ಕೆ. ಸೌತಲ್ಲಿ ಬೆಚ್ಚಗಿರತ್ತಲ್ಲ.”

ಉಸ್ಮಾನಾಕ ರಸ್ತೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದ. “ಯಾರು ಹೇಳಿದ್ದು?”

ಶ್ಯಾಮಣ್ಣ ಮೇಷ್ಟ್ರು ಎನ್ನಲು ಬಾಯಿ ಬರಲಿಲ್ಲ. “ಭೂಗೋಳ” ಎಂದೆ.

“ಎಂಥ ಭೂಗೋಳ ಮಾರಾಯ್ರೆ! ನಿಮ್ಗೆ ಮಂಡೆ ಸಮ ಉಂಟಾ? ಈ ಅರಬಿಗಳು ಅಲ್ಲಿಗೆ ಹೋಗುದೇ ಚಳಿ ಬೇಕೂಂತ! ದೋಹಾದಲ್ಲಿ ಚಳಿ ಸಾಕಾಗುದಿಲ್ಲ ಅವ್ರಿಗೆ. ಅಲ್ಲಿ ಬಯಲು, ತಡೆಯುವ ಗೋಡೆ ಇಲ್ಲ, ರಾತ್ರಿ ಹಲ್ಲು ಕಟಕಟ ಆಗ್ತದೆ!” ಅವನು ನಗತೊಡಗಿದ. ಸ್ಟೀರಿಂಗ್ ಕೂಡ ನಕ್ಕಿತು, ಗಾಡಿ ಒಂದು ಕ್ಷಣ ವಾಲಿತು. ಹಿಂದಿನಿಂದ ಪಾತ್ರೆಯೊಂದು ಉರುಳಿದ ಸದ್ದು. ತಿರುಗಿ ನೋಡಿದೆ. ವತ್ಸಲ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹಾಕಿಕೊಂಡಿದ್ದ ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರ್ ಹಾಕಿಕೊಂಡಳು.

“ವಾಪಸ್ ತಿರುಗಿಸ್ಲಾ?” ಎಂದ ಉಸ್ಮಾನಾಕ, ನಗು ನಿಲ್ಲಿಸಿ.

“ಬೇಡ, ಚಿನ್ನಿ ಅಳ್ತಾಳೆ” ಎಂದಳು ವತ್ಸಲ.

ಟಾರು ಮುಗಿದ ಮೇಲೆ ಸ್ವಲ್ಪ ದೂರ ಗಟ್ಟಿ ನೆಲ ಇತ್ತು, ಅದರಾಚೆ ಮರಳ ದಿಬ್ಬಗಳು. ಅಲ್ಲಲ್ಲಿ ಅರಬಿಗಳ ಡೇರೆಗಳು. ಗಾಡಿ ನಿಲ್ಲಿಸಿದ್ದೇ ಚಹಾ ಮಾಡಲು ವತ್ಸಲ ಒಲೆಯ ಹತ್ತಿರ ಹೋದಳು. “ಮಾಫಿ! ಮಾಫಿ!” ಎಂದು ಗಲ್ಫಿನ ‘ಇಲ್ಲ, ಇಲ್ಲ’ವನ್ನು ಕೂಗುತ್ತ ಉಸ್ಮಾನಾಕ ಹಿಂದಕ್ಕೆ ಓಡಿಬಂದ. “ಗುಳ್ಳೆ ನಡುವಿಗೆ ಬರದೆ ಒಲೆ ಹಚ್ಚುವ ಹಾಗಿಲ್ಲ. ಸಾಯ್ಬರು ಹೇಳಿದ್ದಾರೆ.” ಆಗಲೇ ನಾವು ಮೊದಲ ಸಲ ಡ್ಯಾಶ್‌ಬೋರ್ಡಿನ ಮೇಲಿನ ಆ ರಸಮಟ್ಟದ ಮರಿಯನ್ನು ಕಂಡದ್ದು. ಮನೆಗಾಡಿಯವರಿಗೆ ಅದು ಮೊದಲ ಕೆಲಸವಂತೆ. ನಿಂತ ನೆಲ ವಾರೆಯಾಗಿದ್ದರೆ ಫ್ರಿಜ್ಜು ನಡೆಯುವುದಿಲ್ಲ, ಸಾರು ಪಾತ್ರೆಯ ಒಂದು ಕಡೆ ಕುದಿಯುತ್ತದೆ, ಮಲಗಿದವರ ನೆತ್ತಿಗೆ ರಕ್ತ ಇಳಿಯುತ್ತದೆ. ತಗ್ಗಿನ ಕಡೆಯ ಚಕ್ರದ ಕೆಳಗೆ ಹಲಗೆ ಇಟ್ಟು ಗಾಡಿ ಹತ್ತಿಸಿ ಸಮ ಮಾಡಬೇಕು.

ಚಿನ್ನಿ ಗುಳ್ಳೆ ಕಾಯುವ ಕೆಲಸಕ್ಕೆ ನಿಂತಳು. ನಾನು ಹಲಗೆ ಇಡುವವನು, ಉಸ್ಮಾನಾಕ ಹತ್ತಿಸುವವನು. “ಲೆಫ್ಟ್, ಅಂಕಲ್! ಟೂ ಮಚ್ ಲೆಫ್ಟ್! ಅಪ್ಪಾ, ಬಬಲ್ ರನ್ ಆಗೋಯ್ತು!” ಒಂದು ಕಡೆ ಏರಿಸಿದರೆ ಇನ್ನೊಂದು ಕಡೆ ಮರಳು ಕುಸಿಯುತ್ತಿತ್ತು. ನನ್ನ ಅಂಗಿಯ ಮೇಲೆ ಅರ್ಧ ಕತಾರ್ ಬಿದ್ದಿತ್ತು. ಕೊನೆಗೆ “ಮಿಡಲ್! ಖಲಾಸ್!” ಎಂದು ಅವಳು ಚಪ್ಪಾಳೆ ತಟ್ಟುವಾಗ ಸೂರ್ಯ ದಿಬ್ಬದ ಅಂಚಿಗೆ ಬಂದಿದ್ದ. “ಈ ಖಲಾಸು, ಯಲ್ಲಾ ಎಲ್ಲ ಮನೆಯೊಳಗೆ ಬೇಡ ಅಂತ ಎಷ್ಟು ಸಲ ಹೇಳಿದೀನಿ” ಎಂದು ವತ್ಸಲ ರೇಗಿ ಒಲೆ ಹಚ್ಚಿದಳು. ಅರಬಿಯಲ್ಲಿ ಖಲಾಸ್ ಎಂದರೆ ಮುಗಿಯಿತು, ಯಲ್ಲಾ ಎಂದರೆ ನಡಿ, ಹೊರಡು. ನಾನು ಆಫೀಸಿನಿಂದ, ಚಿನ್ನಿ ಶಾಲೆಯ ಬಸ್ಸಿನಿಂದ ಆ ಮಾತುಗಳನ್ನು ಹೊತ್ತು ತರುತ್ತಿದ್ದೆವು. ಅಷ್ಟು ವರ್ಷವಾದರೂ ವತ್ಸಲ ಅವುಗಳಲ್ಲಿ ಒಂದನ್ನೂ ನಾಲಿಗೆಗೆ ತಂದವಳಲ್ಲ. ಅವು ಅವಳ ಮಾತಿಗೆ ಬಂದರೆ ತಾನು ಇಲ್ಲಿಯವಳಾಗಿಬಿಟ್ಟಂತೆ ಎಂದು ಹೆದರುತ್ತಿದ್ದಳೇನೋ.

ಆ ರಾತ್ರಿಯ ಚಳಿಯ ಬಗ್ಗೆ ಹೆಚ್ಚು ಹೇಳಲಾರೆ. ಉಸ್ಮಾನಾಕ ಹೇಳಿದ್ದಕ್ಕಿಂತ ಒಂದು ಕೈ ಮೇಲೆಯೇ ಇತ್ತು. ಅವನು ಹೊರಗೆ ತನ್ನ ಪುಟ್ಟ ಡೇರೆಯಲ್ಲಿ, ನಾವು ಒಳಗೆ, ತಂದಿದ್ದ ಬಟ್ಟೆಗಳನ್ನೆಲ್ಲ ಮೈಮೇಲೆ ಹೇರಿಕೊಂಡು. ವತ್ಸಲ ಎಂದಿನಂತೆ ದಿಂಬುಗಳಿಗೆ ಒರಗಿ ಕೂತಿದ್ದಳು. ಬೆಳಗಾಗುವ ಹೊತ್ತಿಗೆ ನನ್ನ ಯೋಜನೆಯ ಕತೆ ಮುಗಿಯಿತು ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಮಾರ್ಚಿಗೆ ಯಾರ ಕೋಣೆಯಲ್ಲಿ ಮಂಚ ಕೇಳುವುದು ಎಂದು ಯೋಚಿಸತೊಡಗಿದ್ದೆ.

ಬಿಸಿಲು ಏರಿತು. ಆ ಗಾಡಿಯ ಒಂದು ಗುಣವನ್ನು ನಾನು ರಾತ್ರಿಯ ಗಲಾಟೆಯಲ್ಲಿ ಗಮನಿಸಿರಲಿಲ್ಲ. ಅದಕ್ಕೆ ಸುತ್ತಲೂ ಕಿಟಕಿ. ಹಾಸಿಗೆಯ ಎರಡೂ ಪಕ್ಕ, ಮೇಜಿನ ಪಕ್ಕ, ಮೇಲೆ ಸೂರಿನಲ್ಲಿ ಕೂಡ ಒಂದು. ವರ್ಷದಲ್ಲಿ ಅರ್ಧ ಕಾಲ ಸೂರ್ಯನ ಮುಖ ಕಾಣದ ಜನ ಮಾಡಿದ ಮನೆ ಅದು. ಅವನು ಯಾವ ಕಡೆಯಿಂದ ಬಂದರೂ ಬಾಗಿಲು ಹಾಕಿದೆ ಎಂದುಕೊಂಡು ಹಿಂದಿರುಗಬಾರದು ಎಂದು ಹಾಗೆ ಮಾಡಿರಬೇಕು. ಉಪ್ಪಿಟ್ಟು ತಿಂದು ನಾವು ಮೂವರು ಹೊರಗೆ ಇಳಿದೆವು. ಹುಳಿಯನ್ನ ಮಾಡಿಟ್ಟು ಬರುತ್ತೇನೆ ಎಂದಿದ್ದ ವತ್ಸಲ ಎಷ್ಟು ಹೊತ್ತಾದರೂ ಬರಲಿಲ್ಲ. ಚಿನ್ನಿಯನ್ನು ಕಳಿಸಿದೆ. ಅವಳು ತುದಿಗಾಲಿನಲ್ಲಿ ಬಂದು, ಬಾಯಿಗೆ ಬೆರಳಿಟ್ಟುಕೊಂಡು, “ಅಮ್ಮ ಸ್ಲೀಪಿಂಗ್” ಎಂದಳು. “ಕೂತಿದಾಳಾ?” ಎಂದೆ. “ಇಲ್ಲ, ಫ್ಲ್ಯಾಟ್” ಎಂದಳು.

ನಾನು ಕಿಟಕಿಯಿಂದ ನೋಡಿದೆ. ದಿಂಬುಗಳು ಕೆಳಗೆ ಬಿದ್ದಿದ್ದವು. ವತ್ಸಲ ಅಂಗಾತ, ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದಳು. ಬಿಸಿಲು ಅವಳ ಕುತ್ತಿಗೆಯಿಂದ ಪಾದದವರೆಗೆ ಹಾಸಿಕೊಂಡಿತ್ತು. ಅವಳು ಹಾಗೆ ಮಲಗಿದ್ದನ್ನು ನವೆಂಬರಿನಿಂದ ಈಚೆಗೆ ನಾನು ನೋಡಿರಲಿಲ್ಲ.

ಮನೆಗಾಡಿಯ ಇನ್ನೊಂದು ಗುಣವನ್ನೂ ಆಗಲೇ ತಿಳಿದೆವು. ಒಬ್ಬರು ಮೆಟ್ಟಿಲಿಗೆ ಕಾಲಿಟ್ಟರೂ ಇಡೀ ಮನೆ ತೊಟ್ಟಿಲಿನಂತೆ ತೂಗುತ್ತದೆ. ಹುಳಿಯನ್ನ ಒಳಗೆ. ಉಸ್ಮಾನಾಕ ತಂದಿದ್ದ ನೀರುದೋಸೆಯ ಡಬ್ಬಿ, ಮೊಸರು, ನೀರಿನ ಕ್ಯಾನು, ನನ್ನ ಕೋಟು ಎಲ್ಲವೂ ಒಳಗೆ. ಒಳಗೆ ಹೋದರೆ ಅವಳು ಏಳುತ್ತಾಳೆ. ನಾವಿಬ್ಬರು ಗಂಡಸರು ಮುಖ ಮುಖ ನೋಡಿಕೊಂಡು ಗಾಳಿಯಲ್ಲಿ ನಿಂತೆವು.

“ಊಟ?” ಎಂದೆ ಸ್ವಲ್ಪ ಹೊತ್ತಿನ ಮೇಲೆ, ಪಿಸುಮಾತಿನಲ್ಲಿ.

“ಮಲಗ್ಲಿ ಮಾರಾಯ್ರೆ. ಊಟ ಎಲ್ಲಿಗೆ ಓಡ್ತದೆ?” ಎಂದ ಉಸ್ಮಾನಾಕ, ಅದೇ ಪಿಸುಮಾತಿನಲ್ಲಿ.

ಅವನು ನಮಾಜಿಗೆಂದು ಪಕ್ಕದ ಡೇರೆಯವರ ಬಳಿ ಹೋದ. ಬರುವಾಗ ಒಬ್ಬ ಮುದುಕ ಅರಬಿಯೂ ಜೊತೆಗೆ ಬಂದ, ಕೈಯಲ್ಲಿ ಖರ್ಜೂರದ ತಟ್ಟೆ, ಹೂಜಿಯಲ್ಲಿ ಅರಬಿಗಳ ಬಿಸಿ ಕಾಫಿ, ಗಾವಾ. ನಾವು ಏಕೆ ನಮ್ಮ ಮನೆಯ ಹೊರಗೇ ಬಹಿಷ್ಕಾರ ಹಾಕಿಸಿಕೊಂಡವರ ಹಾಗೆ ನಿಂತಿದ್ದೇವೆಂದು ಕೇಳಿದನಂತೆ. ಉಸ್ಮಾನಾಕ ಅರಬಿಯಲ್ಲಿ ಏನೋ ವಿವರಿಸಿದ. ಮುದುಕ ಕಿಟಕಿಯ ಕಡೆ ನೋಡದೆ, ಗಾಡಿಗೆ ಬೆನ್ನು ಮಾಡಿ, ನಮ್ಮ ಜೊತೆಗೆ ತಾನೂ ನಿಂತ. ಅವನೂ ಪಿಸುಮಾತಿಗೆ ಇಳಿದ. ನಾಲ್ಕು ದಿಕ್ಕಿಗೂ ಬಯಲು, ಅಲ್ಲಿ ಮೂವರು ಗಂಡಸರು ಗುಟ್ಟು ಮಾತಾಡಿಕೊಂಡು ಖರ್ಜೂರ ತಿನ್ನುತ್ತಿದ್ದೇವೆ. ದೂರದಿಂದ ನೋಡಿದವರು ಏನೆಂದುಕೊಂಡರೋ.

ಒಳಗೆ ಹೋಗಿಬರುವ ಪರವಾನಗಿ ಇದ್ದದ್ದು ಚಿನ್ನಿಗೆ ಮಾತ್ರ, ಅವಳು ಹಗುರ. ಒಮ್ಮೆ ಹೋದವಳು ಬಹಳ ಹೊತ್ತು ಬರಲಿಲ್ಲ. ನಾನು ಗಾಬರಿಯಿಂದ ಕಿಟಕಿಗೆ ಹೋದೆ. ಅವಳು ಡ್ಯಾಶ್‌ಬೋರ್ಡಿನಿಂದ ರಸಮಟ್ಟವನ್ನು ಕಿತ್ತು ತಂದು, ಅಮ್ಮನ ಎದೆಯ ಮೇಲಿಟ್ಟು, ಮೊಣಕಾಲೂರಿ ಅದನ್ನೇ ನೋಡುತ್ತಿದ್ದಳು. ನನ್ನನ್ನು ಕಂಡು ಬರೀ ತುಟಿಯಲ್ಲಿ ಹೇಳಿದಳು: “ಅಪ್ಪಾ, ಮೂವ್ ಆಗ್ತಿದೆ. ಬಟ್ ಸ್ಲೋಲಿ.” ಉಸಿರು ಏರಿದಾಗ ಗುಳ್ಳೆ ಒಂದು ಎಳೆಯಷ್ಟು ಸರಿಯುತ್ತಿತ್ತು, ಇಳಿದಾಗ ನಡುವಿಗೆ ಬರುತ್ತಿತ್ತು. ಗಾಜಿನಾಚೆಯಿಂದ ಬೆಕ್ಕಿನ ಸದ್ದೇನೂ ಕೇಳಿಸಲಿಲ್ಲ. ನಾನು ಅಲ್ಲಿಯೇ ನಿಂತು ನೋಡಿದೆ, ಕಾಲು ಮರಗಟ್ಟುವವರೆಗೂ ನೋಡಿದೆ.

ಬಿಸಿಲು ಗಾಡಿಯ ಇನ್ನೊಂದು ಪಕ್ಕಕ್ಕೆ ತಿರುಗಿದ ಮೇಲೆ ಬಾಗಿಲು ತೆರೆಯಿತು. ವತ್ಸಲ ಕಣ್ಣುಜ್ಜಿಕೊಳ್ಳುತ್ತ ಮೆಟ್ಟಿಲಿಗೆ ಬಂದಳು. ಎರಡೂ ಸ್ವೆಟರುಗಳು ಅವಳ ಮೈಮೇಲಿರಲಿಲ್ಲ, ಮಡಿಸಿ ತೋಳಿನ ಮೇಲೆ ಹಾಕಿಕೊಂಡಿದ್ದಳು. “ಎಬ್ಬಿಸೋದಲ್ವೇನ್ರೀ? ಎಲ್ಲ ಉಪವಾಸ ಕೂತಿದೀರಲ್ಲ!” ಎಂದು ನಾಚಿದಳು. ಹುಳಿಯನ್ನ ತಣ್ಣಗಾಗಿತ್ತು. ಅಷ್ಟು ರುಚಿಯಾದ ಹುಳಿಯನ್ನ ನಾನು ಮತ್ತೆ ತಿಂದಿಲ್ಲ. ಉಸ್ಮಾನಾಕ ಮೂರು ಸಲ ಹಾಕಿಸಿಕೊಂಡ.

ಹಿಂದಿರುಗುವಾಗ ನಾನೂ ಹಿಂದೆ ಮೇಜಿನ ಪಕ್ಕ ಕೂತೆ. ವತ್ಸಲ ಕಿಟಕಿಯ ಗಾಜಿಗೆ ಅಂಗೈ ಒತ್ತಿ ಕೂತಿದ್ದಳು. ಆ ಗಾಜು ಇನ್ನೂ ಬೆಚ್ಚಗಿತ್ತು. ದೋಹಾದ ಮೊದಲ ಕಟ್ಟಡಗಳು ಕಾಣಿಸಿದಾಗ ಅವಳು ಅವುಗಳನ್ನು ಒಂದೊಂದಾಗಿ ನೋಡುತ್ತ ಕೇಳಿದಳು: “ಅಲ್ರೀ, ಈ ಊರಲ್ಲಿ ಬಿಸಿಲು ಬೀಳೋ ಕಿಟಕಿ ಇರೋ ಮನೆ ಒಂದೂ ಇಲ್ವಾ?”

“ಮೇಲಿನ ಮಹಡಿಗಳಲ್ಲಿ ಇರತ್ತೆ. ಬೇಸಿಗೇಲಿ ಬೆಂದುಹೋಗ್ತೀವಿ ಅಂತ ಯಾರೂ ತಗೊಳ್ಳಲ್ಲ.”

“ಬೇಸಿಗೆಗೆ ಆಮೇಲೆ ನೋಡೋಣ” ಎಂದಳು.

ಆ ಮಾತಿನ ಅರ್ಥವನ್ನು ಕೂಡಲೇ ಗಟ್ಟಿಯಾಗಿ ಕೇಳಿಬಿಡಬೇಕು ಎನಿಸಿತು. ಕೇಳಿದರೆ ಎಲ್ಲಿ ಹಾರಿಹೋಗುತ್ತದೋ ಎಂದು ಸುಮ್ಮನಾದೆ. ಅವಳು ಒಂದು ವಾರ ಯೋಚಿಸಿ ನಿರ್ಧಾರ ಮಾಡುವವಳು, ನಾನು ಮಧ್ಯೆ ಬಾಯಿ ಹಾಕಿ ಕೆಡಿಸುವವನು.

ಅಲ್ ಮನ್ಸೂರಾ ತಲುಪುವಾಗ ಸಂಜೆಯಾಗಿತ್ತು. ಆ ಗಾಡಿ ನಮ್ಮ ಗಲ್ಲಿಯೊಳಗೆ ಹಿಡಿಸುವಂಥದ್ದಲ್ಲ. ಉಸ್ಮಾನಾಕ ಗಲ್ಲಿಯ ಬಾಯಿಯಲ್ಲೇ ನಿಲ್ಲಿಸಿದ, ಸಾಮಾನು ಇಳಿಸಲು ಮುಂದೆ ಎಲ್ಲಾದರೂ ಜಾಗ ಹುಡುಕಬೇಕಿತ್ತು. ಶುಕ್ರವಾರದ ಸಂಜೆ, ಇಡೀ ದೋಹಾ ಊಟಕ್ಕೆ ಅಲ್ಲಿಗೇ ಬರುವ ಹೊತ್ತು. ಹಿಂದೆ ಕಾರುಗಳ ಸಾಲು ನಿಂತು ಹಾರ್ನ್ ಶುರುವಾಯಿತು. “ಒಂದು ನಿಮಿಷ ಇರಿ, ಫಿಲೋಮಿನಾ ಮನೆಗೆ ಹೋಗಿ ಬಂದೆ” ಎಂದು ವತ್ಸಲ ಇಳಿದು ಎದುರು ಕಟ್ಟಡಕ್ಕೆ ಹೋದಳು. ಇನ್ನೇನು ಕೊಡಲು ಹೋದಳು? ರುಬ್ಬುವ ಕಲ್ಲು ಫಿಲೋಮಿನಾಳಿಗೇ ಎಂದು ಮಾತಾಗಿತ್ತು, ಅದನ್ನು ಒಯ್ಯಲು ಯಾರನ್ನಾದರೂ ಕಳಿಸು ಎನ್ನಲು ಹೋದಳೇ? ಹಾರ್ನುಗಳು ಜೋರಾದವು. ಉಸ್ಮಾನಾಕ ಕಿಟಕಿಯಿಂದ ಕೈ ಹೊರಹಾಕಿ ಹಿಂದಿನವರಿಗೆ ಸಮಾಧಾನ ಹೇಳುತ್ತಿದ್ದ.

ವತ್ಸಲ ಹೊರಬಂದಳು. ಎರಡೂ ಕೈಯಿಂದ ತುಪ್ಪದ ಡಬ್ಬಿಯನ್ನು ಅಪ್ಪಿಕೊಂಡಿದ್ದಳು. ಕರಿಬೇವಿನ ಗಿಡ ಅವಳ ಮುಖವನ್ನು ಅರ್ಧ ಮುಚ್ಚಿತ್ತು. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಫಿಲೋಮಿನಾ ಸೊಂಟದ ಮೇಲೆ ಕೈಯಿಟ್ಟು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದಳು: “ಎಂಥ ಹೆಂಗಸು ನೋಡಿ ಮಾರಾಯ್ರೆ ಇವ್ರು! ಕೊಟ್ಟದ್ದನ್ನು ವಾಪಸ್ ಕೇಳ್ಲಿಕ್ಕೆ ಒಂಚೂರು ನಾಚಿಕೆ ಉಂಟಾ? ಮೊನ್ನೆಯಷ್ಟೇ ಗೊಬ್ಬರ ಹಾಕಿದ್ದೆ!” ಕೂಗುತ್ತಲೇ ಅವಳು ಕಣ್ಣೊರೆಸಿಕೊಂಡಳು.

ನಾನು ಮೆಟ್ಟಿಲಿನಿಂದ ಡಬ್ಬಿ ಇಸಿದುಕೊಂಡೆ. ವತ್ಸಲ ಅದನ್ನು ಊಟದ ಮೇಜಿನ ನಡುವೆ ಇರಿಸಿ, ಮುರಿದ ಒಂದು ಎಲೆಯನ್ನು ಕಿತ್ತು ಮೂಸಿದಳು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಕಡೆ ನೋಡಲಿಲ್ಲ. ಚಿನ್ನಿ ತನ್ನ ಜೇಬಿನಿಂದ ರಸಮಟ್ಟ ತೆಗೆದು ಮೇಜಿನ ಮೇಲಿಟ್ಟಳು. ಗಾಡಿಯ ಒಂದು ಚಕ್ರ ಫುಟ್‌ಪಾತಿನ ಮೇಲೆ ಹತ್ತಿತ್ತು, ಗುಳ್ಳೆ ಒಂದು ತುದಿಗೆ ಓಡಿಹೋಯಿತು. “ಮಿಡಲ್‌ಗೆ ಬಂದಿಲ್ಲ ಅಂಕಲ್!” ಎಂದು ಅವಳು ಕೂಗಿದಳು. ಉಸ್ಮಾನಾಕ ಹಲಗೆ ತರಲೆಂದು ನಿಜವಾಗಿಯೂ ಬಾಗಿಲಿಗೆ ಕೈ ಹಾಕಿದ.

“ಇರ್ಲಿ ಬಿಡಿ ಉಸ್ಮಾನಾಕ, ಹಿಂದೆ ಎಷ್ಟು ಜನ ಕಾಯ್ತಿದಾರೆ” ಎಂದಳು ವತ್ಸಲ, ಗಿಡ ಬೀಳದಂತೆ ಡಬ್ಬಿಗೆ ತೋಳು ಸುತ್ತಿ. “ಹೊರಡಿ. ಯಲ್ಲಾ, ಯಲ್ಲಾ!”